ಕಂಡರೂ ಪ್ರಮಾಣಿಸಿ ನೋಡು

ಕಂಪನಿಯ ಸೋರ್ಸ್ ಕೋಡ್ ಇರುವ ಸರ್ವರನ್ನು ನಿನ್ನ ಸುಪರ್ದಿಗೆ ಕೊಟ್ಟಿದ್ದಾರೆ ಅಂತ ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತಮ್ಮ. ಇದು ಹೆಸರು ತರುವ ಕೆಲಸವಲ್ಲ. ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಷ್ಟು ದಿನ ನೀನು ಅಲ್ಲಿದ್ದೀಯ ಅಂತಲೂ ಯಾರಿಗೂ ನೆನಪಾಗುವುದಿಲ್ಲ. ಆದರೆ ನೂರಾರು ಜನ ವರ್ಷಗಟ್ಟಲೆ ಕೂತು ಬರೆದದ್ದು, ತಿದ್ದಿದ್ದು, ಯಾಕೆ ತಿದ್ದಿದೆವು ಅಂತ ಬರೆದಿಟ್ಟದ್ದು ಎಲ್ಲವೂ ಆ ಡಿಸ್ಕುಗಳಲ್ಲಿದೆ. ಅದರ ಹೊಣೆ ಈಗ ನಿನ್ನದು. ಈ ಕೆಲಸದಲ್ಲೇ ತಲೆ ನರೆತವನಾದ್ದರಿಂದ ಒಂದು ಕಿವಿಮಾತು ಹೇಳುತ್ತೇನೆ, ಕೇಳು.

ಸರ್ವರಿನಲ್ಲಿ ಹಲವರು ಹಂಚಿಕೊಂಡು ಬಳಸುವ ಜಾಗವನ್ನು ಆಗಾಗ ಪೂರ್ತಿ ಓದಿಸಿ ಪರೀಕ್ಷಿಸುತ್ತಿರು. ಡಿಸ್ಕ್ ಉಳಿಸಲಿಕ್ಕೆ ಹಂಚಿಕೊಳ್ಳುವುದು ಸರಿಯೇ. ಆದರೆ ಹಂಚಿಕೊಂಡ ಕಡೆ ಒಂದು ಕಡತ ಕೆಟ್ಟರೆ ಕೆಡುವುದು ಒಬ್ಬರ ಕೆಲಸವಲ್ಲ, ಎಲ್ಲರದ್ದು.

ಹಂಚಿಕೆ ಎಲ್ಲೆಲ್ಲಿದೆ ಅನ್ನುವುದನ್ನು ಮೊದಲು ಗುರುತಿಸಿಕೋ. ಒಂದು ಪ್ರಾಜೆಕ್ಟಿಗೆ ಇನ್ನೂರು ಫೋರ್ಕ್ ಆದವು ಅಂತಿಟ್ಟುಕೋ. ಇನ್ನೂರರಲ್ಲೂ ಹಳೆಯ ಇತಿಹಾಸ ಒಂದೇ. ಅದನ್ನು ಇನ್ನೂರು ಸಲ ಇಡುವ ಬದಲು ಒಂದೇ ಸಲ ಒಂದು ಪೂಲಿನಲ್ಲಿ ಇಟ್ಟು, ಉಳಿದ ರೆಪಾಸಿಟರಿಗಳು ಅಲ್ಲಿಂದ ಎರವಲು ಪಡೆಯುವಂತೆ ಮಾಡುತ್ತಾರೆ. ಗಿಟ್‌ಹಬ್, ಗಿಟ್‌ಲ್ಯಾಬ್‌ನಂಥ ಸೇವೆಗಳು ನಡೆಯುವುದೂ ಹೀಗೆಯೇ. ಗಿಟ್‌ನಲ್ಲಿ ಈ ಎರವಲಿಗೆ ಬೇಕಾದದ್ದು ಒಂದು ಪುಟ್ಟ ಕಡತ. ರೆಪಾಸಿಟರಿಯ ಆಬ್ಜೆಕ್ಟ್ಸ್ ಫೋಲ್ಡರಿನ ಒಳಗೆ, ಇನ್ಫೋ ಫೋಲ್ಡರಿನಲ್ಲಿ, ಆಲ್ಟರ್ನೇಟ್ಸ್ ಅನ್ನುವ ಹೆಸರಿನಲ್ಲಿರುತ್ತದೆ. ‘ನನ್ನಲ್ಲಿ ಇಲ್ಲದ್ದು ಇಂಥ ಕಡೆ ಸಿಗುತ್ತದೆ’ ಅಂತ ಹೇಳುವ ಒಂದು ಸಾಲಿನ ವಿಳಾಸ ಅದರಲ್ಲಿ ಇರುತ್ತದೆ, ಅಷ್ಟೇ. ಸಬ್‌ವರ್ಷನ್ ಬಳಸುವ ಹಳೆಯ ಪ್ರಾಜೆಕ್ಟುಗಳು ನಿಮ್ಮಲ್ಲಿದ್ದರೆ ಅಲ್ಲಿಯೂ ಹಂಚಿಕೆ ಇದೆ. 2009ರ 1.6ನೆಯ ಆವೃತ್ತಿಯಿಂದ ಒಂದೇ ಒಳವಿಷಯ ಎರಡು ಕಡೆ ಬಂದರೆ ಅದನ್ನು ಒಮ್ಮೆ ಮಾತ್ರ ಇಟ್ಟು, ರೆಪ್‌ಕ್ಯಾಶ್ ಅನ್ನುವ ಪುಟ್ಟ ಡೇಟಾಬೇಸಿನಲ್ಲಿ ಗುರುತು ಹಾಕಿಕೊಳ್ಳುತ್ತದೆ.

ನಮ್ಮ ಬಯಲುಸೀಮೆಯ ಊರುಗಳಲ್ಲಿ ಹಗೇವು ಅಂತ ಇರುತ್ತಿತ್ತು. ನೆಲದೊಳಗೆ ಗುಂಡಿ ತೋಡಿ, ಜೋಳವನ್ನೋ ರಾಗಿಯನ್ನೋ ತುಂಬಿ, ಬಾಯಿ ಮುಚ್ಚಿ ಮಣ್ಣು ಎಳೆಯುತ್ತಿದ್ದರು. ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಆದರೆ ಒಳಗೆ ಎಲ್ಲೋ ನೀರಿನ ಪಸೆ ಇಳಿದರೆ ಮೇಲೆ ಓಡಾಡುವವರಿಗೆ ಸುಳಿವೇ ಸಿಗುತ್ತಿರಲಿಲ್ಲ. ಬರ ಬಂದು ಬಾಯಿ ತೆಗೆದ ದಿನ ತಿಳಿಯುತ್ತಿತ್ತು. ನೀನು ಕಾಯುವ ಜಾಗವೂ ಹಾಗೆಯೇ ಕಣಮ್ಮ. ಜನ ದಿನವೂ ಪುಶ್ ಮಾಡುತ್ತಾರೆ, ಪುಲ್ ಮಾಡುತ್ತಾರೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ದಿನನಿತ್ಯದ ಆಜ್ಞೆಗಳು ತಮಗೆ ಬೇಕಾದ ಆಬ್ಜೆಕ್ಟುಗಳನ್ನಷ್ಟೇ ಮುಟ್ಟುತ್ತವೆ. ಆರು ವರ್ಷದ ಹಿಂದಿನ ಕಮಿಟ್ಟನ್ನು ಯಾರೂ ತೆರೆಯುವುದಿಲ್ಲ. ಅದು ಕೆಟ್ಟಿದೆಯೋ ಇಲ್ಲವೋ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೋ. ಇರುವುದೆಲ್ಲ ನೆಟ್ಟಗಿದೆಯೇ? ಬೇಕಾದದ್ದೆಲ್ಲ ಇದೆಯೇ? ನಕಲು ನಿಜಕ್ಕೂ ಬೇರೆಯೇ? ಮೂರಕ್ಕೂ ಬೇರೆ ಬೇರೆ ಕಡೆ ಉತ್ತರ ಹುಡುಕಬೇಕು. ಒಂದಕ್ಕೆ ಉತ್ತರ ಸಿಕ್ಕಿತು ಅಂತ ಉಳಿದೆರಡನ್ನು ಬಿಡಬಾರದು.

ಮೊದಲನೆಯದು, ಇರುವುದೆಲ್ಲ ನೆಟ್ಟಗಿದೆಯೇ ಅನ್ನುವುದು. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಗಿಟ್ ಬರೆದಾಗ ಇದಕ್ಕೆ ಬುನಾದಿಯಲ್ಲೇ ವ್ಯವಸ್ಥೆ ಮಾಡಿದರು. ಕಡತ, ಫೋಲ್ಡರಿನ ಪಟ್ಟಿ, ಕಮಿಟ್ ಎಲ್ಲವೂ ಒಂದೊಂದು ಆಬ್ಜೆಕ್ಟ್. ಅದರ ಹೆಸರು ಅದರ ಒಳವಿಷಯದಿಂದಲೇ ಲೆಕ್ಕ ಹಾಕಿದ 40 ಅಕ್ಷರಗಳ ಶಾ-1 ಹ್ಯಾಶ್. ಒಳಗೆ ಒಂದು ಬಿಟ್ ಮಗುಚಿದರೂ ಹೆಸರಿಗೂ ವಿಷಯಕ್ಕೂ ತಾಳೆಯಾಗುವುದಿಲ್ಲ. ಒಂದು ಕಮಿಟ್ಟಿನ ಹೆಸರು ಅದರ ಹಿಂದಿನ ಕಮಿಟ್ಟಿನ ಹೆಸರನ್ನೂ ಒಳಗೊಂಡಿರುವುದರಿಂದ, ತುದಿಯ ಒಂದು ಹೆಸರು ಇಡೀ ಇತಿಹಾಸಕ್ಕೆ ಸಾಕ್ಷಿ ನಿಲ್ಲುತ್ತದೆ. ಇಷ್ಟು ಚೆಲುವಾದ ಏರ್ಪಾಡು ಇನ್ನೆಲ್ಲಿದೆ ಹೇಳು. ಆದರೆ ಸಾಕ್ಷಿಯನ್ನು ಕರೆದು ಕೇಳದಿದ್ದರೆ ಅದು ತಾನಾಗಿ ಬಾಯಿ ಬಿಡುವುದಿಲ್ಲ. ಒಂದೊಂದು ಆಬ್ಜೆಕ್ಟನ್ನೂ ತೆರೆದು, ಓದಿ, ಹ್ಯಾಶನ್ನು ಮತ್ತೆ ಲೆಕ್ಕ ಹಾಕಿ ಹೆಸರಿನೊಂದಿಗೆ ತಾಳೆ ನೋಡಬೇಕು. ಆ ಕೆಲಸ ಮಾಡುವ ಆಜ್ಞೆ ‘ಗಿಟ್ ಎಫ್‌ಎಸ್‌ಸಿಕೆ’. ಸಬ್‌ವರ್ಷನ್‌ನಲ್ಲಿ ‘ಎಸ್‌ವಿಎನ್‌ಅಡ್ಮಿನ್ ವೆರಿಫೈ’. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಈ ಎರಡು ಆಜ್ಞೆಗಳು ಮಾಡುವುದು ಅದನ್ನೇ.

ಕೆಟ್ಟದ್ದು ಒಳಗೆ ಬಾರದಂತೆ ಬಾಗಿಲಲ್ಲೇ ತಡೆಯುವುದೂ ಮುಖ್ಯ. ಗಿಟ್‌ನಲ್ಲಿ ‘ಟ್ರಾನ್ಸ್‌ಫರ್ ಎಫ್‌ಎಸ್‌ಸಿಕೆ ಆಬ್ಜೆಕ್ಟ್ಸ್’ ಅನ್ನುವ ಸೆಟ್ಟಿಂಗ್ ಇದೆ. ಹೊರಗಿನಿಂದ ಬರುವ ಆಬ್ಜೆಕ್ಟುಗಳ ರಚನೆ ಸರಿಯಿದೆಯೇ ಅಂತ ಬರುವಾಗಲೇ ನೋಡಿ, ಸರಿಯಿಲ್ಲದ್ದನ್ನು ಹಿಂದಕ್ಕೆ ಕಳಿಸುತ್ತದೆ. ನೀನಾಗಿ ಆನ್ ಮಾಡದಿದ್ದರೆ ಅದು ಆಫ್ ಆಗಿಯೇ ಇರುತ್ತದೆ. ಹಲವರು ಹಂಚಿಕೊಳ್ಳುವ ಸರ್ವರಿನಲ್ಲಿ ಅದನ್ನು ಆನ್ ಮಾಡಿಡು. ಕರೆಂಟಿನ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡ. ಬರೆಯುವ ಹೊತ್ತಿಗೆ ಯಂತ್ರ ಆರಿಹೋದರೆ ಆಬ್ಜೆಕ್ಟಿನ ಕಡತ ಒಳಗೇನೂ ಇಲ್ಲದೆ ಸೊನ್ನೆ ಬೈಟಿನದಾಗಿ ಉಳಿಯುವುದುಂಟು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿ ತಿಳಿದುಕೋ.

ಎರಡನೆಯದು, ಬೇಕಾದದ್ದೆಲ್ಲ ಇದೆಯೇ ಅನ್ನುವುದು. ಹಂಚಿಕೊಂಡ ಜಾಗದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪೂಲಿನೊಳಗೆ ನಿಂತು ಎಫ್‌ಎಸ್‌ಸಿಕೆ ಓಡಿಸಿದರೆ ಪೂಲಿನಲ್ಲಿ ಇರುವುದು ಸರಿಯಿದೆ ಅಂತ ಉತ್ತರ ಬರುತ್ತದೆ. ಎರವಲು ಪಡೆದವರಿಗೆ ಬೇಕಾದದ್ದು ಅದರಲ್ಲಿ ಇದೆಯೇ ಅಂತ ಅದು ಹೇಳುವುದಿಲ್ಲ. ಯಾಕೆಂದರೆ ಆಲ್ಟರ್ನೇಟ್ಸ್ ಕಡತ ಇರುವುದು ಎರವಲು ಪಡೆದವರ ಮನೆಯಲ್ಲಿ. ಕೊಟ್ಟವರಿಗೆ ಯಾರು ಯಾರು ತಮ್ಮನ್ನು ನೆಚ್ಚಿಕೊಂಡಿದ್ದಾರೆ ಅನ್ನುವುದೇ ತಿಳಿಯದು.

ಅನಾಹುತ ಹೇಗೆ ಆಗುತ್ತದೆ ನೋಡು. ಫೋರ್ಕುಗಳು ಎರವಲು ಪಡೆಯುವ ಮೂಲ ರೆಪಾಸಿಟರಿಯಲ್ಲಿ ಒಂದು ಬ್ರಾಂಚನ್ನು ಅಳಿಸುತ್ತಾರೆ, ಇಲ್ಲವೇ ಯಾರೋ ಫೋರ್ಸ್ ಪುಶ್ ಮಾಡುತ್ತಾರೆ. ಹಳೆಯ ಕಮಿಟ್ಟುಗಳನ್ನು ಅಲ್ಲಿ ಬೊಟ್ಟು ಮಾಡಿ ತೋರಿಸುವವರು ಯಾರೂ ಉಳಿಯುವುದಿಲ್ಲ. ‘ಗಿಟ್ ಜಿಸಿ’ ಓಡುತ್ತದೆ. ವಾರಸುದಾರರಿಲ್ಲದ ಆಬ್ಜೆಕ್ಟುಗಳು ಎರಡು ವಾರ ಹಳೆಯದಾದರೆ ಅಳಿಸಬಹುದು ಅನ್ನುವುದು ಅದರ ಮಾಮೂಲಿ ಲೆಕ್ಕ. ಅಳಿಸುತ್ತದೆ. ಆದರೆ ಅದೇ ಕಮಿಟ್ಟುಗಳ ಮೇಲೆ ಒಂದು ಫೋರ್ಕಿನಲ್ಲಿ ಯಾರೋ ತಿಂಗಳುಗಟ್ಟಲೆ ಕೆಲಸ ಮಾಡುತ್ತಿರುತ್ತಾರೆ. ಮರುದಿನ ಬೆಳಗ್ಗೆ ಅವರ ರೆಪಾಸಿಟರಿ ತೆರೆಯುವುದಿಲ್ಲ. ಇಲ್ಲಿ ಡಿಸ್ಕ್ ಕೆಟ್ಟಿಲ್ಲ, ಬಿಟ್ ಮಗುಚಿಲ್ಲ, ಯಾವ ಪ್ರೋಗ್ರಾಮೂ ತನ್ನ ನಿಯಮ ಮೀರಿಲ್ಲ. ಆದರೂ ಒಬ್ಬರ ದುಡಿಮೆ ಹೋಯಿತು. ಶೇರ್ಡ್ ಕ್ಲೋನ್ ಅಪಾಯ ತರಬಹುದು ಅಂತ ಗಿಟ್‌ನ ಕೈಪಿಡಿಯೇ ಎಚ್ಚರಿಸಿರುವುದು ಇದಕ್ಕೇ.

ಹೀಗಾಗಿ ಪೂಲಿನಲ್ಲಿ ಯಾವುದನ್ನೂ ಅಳಿಸುವ ಆಜ್ಞೆ ಓಡಬಾರದು. ಗಿಟ್‌ನಲ್ಲಿ ‘ಪ್ರೆಷಸ್ ಆಬ್ಜೆಕ್ಟ್ಸ್’ ಅನ್ನುವ ಎಕ್ಸ್‌ಟೆನ್ಷನ್ ಇದೆ. ಅದನ್ನು ಹಾಕಿದ ರೆಪಾಸಿಟರಿಯಲ್ಲಿ ಆಬ್ಜೆಕ್ಟುಗಳನ್ನು ಅಳಿಸಬಲ್ಲ ಆಜ್ಞೆ ಕೊಟ್ಟರೆ ಗಿಟ್ ಒಪ್ಪುವುದಿಲ್ಲ. ಪೂಲಿಗೆ ಅದನ್ನು ಹಾಕು. ಯಾವ ರೆಪಾಸಿಟರಿ ಯಾವ ಪೂಲನ್ನು ನೆಚ್ಚಿಕೊಂಡಿದೆ ಅಂತ ಒಂದು ಪಟ್ಟಿ ಮಾಡಿಡು. ಪೂಲಿನ ಫೋಲ್ಡರಿನ ಹೆಸರು ಬದಲಿಸಿದರೂ, ಅದನ್ನು ಬೇರೆ ಡಿಸ್ಕಿಗೆ ಸಾಗಿಸಿದರೂ ನೆಚ್ಚಿಕೊಂಡವರೆಲ್ಲ ಒಟ್ಟಿಗೆ ದಾರಿ ತಪ್ಪುತ್ತಾರೆ. ಆ ಪಟ್ಟಿ ಇಲ್ಲದೆ ಅಂಥ ಕೆಲಸಕ್ಕೆ ಕೈ ಹಾಕಬೇಡ. ಒಂದು ಫೋರ್ಕ್ ಬಹಳ ಮುಖ್ಯವಾದದ್ದು ಅನ್ನಿಸಿದರೆ ಅದನ್ನು ಎರವಲಿನಿಂದ ಬಿಡಿಸು. ‘ಗಿಟ್ ರಿಪ್ಯಾಕ್’ಗೆ ಎಲ್ಲವನ್ನೂ ಕಟ್ಟು ಅಂತ ಹೇಳಿದರೆ ಎರವಲಿನ ಆಬ್ಜೆಕ್ಟುಗಳೂ ಫೋರ್ಕಿನ ಒಳಗೇ ಬಂದು ಸೇರುತ್ತವೆ. ಬಂದಿವೆ ಅಂತ ಖಾತ್ರಿಯಾದ ಮೇಲೆ ಆಲ್ಟರ್ನೇಟ್ಸ್ ಕಡತವನ್ನು ತೆಗೆ. ಹೊಸದಾಗಿ ಕ್ಲೋನ್ ಮಾಡುವಾಗಲೇ ‘ಡಿಸೋಸಿಯೇಟ್’ ಅಂತ ಸೇರಿಸಿದರೆ ಇದೇ ಫಲ ಮೊದಲಿಗೇ ಸಿಗುತ್ತದೆ.

ಪರಿಶೀಲನೆಯನ್ನು ಎರಡು ಪಾಲು ಮಾಡಿಕೋ. ಪ್ರತಿ ಫೋರ್ಕಿನಲ್ಲೂ ಪೂರ್ತಿ ಎಫ್‌ಎಸ್‌ಸಿಕೆ ಓಡಿಸಿದರೆ ಅದು ಆಲ್ಟರ್ನೇಟ್ಸ್ ಹಿಡಿದು ಹೋಗಿ ಪೂಲನ್ನೂ ಓದುತ್ತದೆ. ಇನ್ನೂರು ಫೋರ್ಕಿದ್ದರೆ ಒಂದೇ ಪೂಲನ್ನು ಇನ್ನೂರು ಸಲ ಓದಿದಂತಾಯಿತು. ರಾತ್ರಿ ಕಳೆದು ಬೆಳಗಾದರೂ ಮುಗಿಯದು. ಮುಗಿಯದ್ದನ್ನು ಕಡೆಗೆ ಯಾರೋ ಬೇಸತ್ತು ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಪೂಲನ್ನು ವಾರಕ್ಕೊಮ್ಮೆ ಪೂರ್ತಿ ಓದಿಸು. ಫೋರ್ಕುಗಳಲ್ಲಿ ಪ್ರತಿ ರಾತ್ರಿ ‘ಕನೆಕ್ಟಿವಿಟಿ ಓನ್ಲಿ’ ಅಂತ ಸೇರಿಸಿ ಓಡಿಸು. ಅದು ಕಡತಗಳ ಒಳವಿಷಯವನ್ನು ಓದುವ ಗೋಜಿಗೆ ಹೋಗದೆ, ಬೇಕಾದ ಆಬ್ಜೆಕ್ಟುಗಳೆಲ್ಲ ಇವೆಯೇ ಅಂತ ನೋಡಿ ಬರುತ್ತದೆ, ಬೇಗ ಮುಗಿಯುತ್ತದೆ. ಫೋರ್ಕುಗಳ ಪೂರ್ತಿ ಪರಿಶೀಲನೆಯನ್ನು ಸರದಿಯ ಮೇಲೆ, ದಿನಕ್ಕೆ ಕೆಲವಂತೆ ಹಚ್ಚು. ನಡೆಸಿಕೊಂಡು ಹೋಗಬಲ್ಲ ಕ್ರಮವನ್ನೇ ಇಟ್ಟುಕೋ.

ಮೂರನೆಯದು, ನಕಲು ನಿಜಕ್ಕೂ ಬೇರೆಯೇ ಅನ್ನುವುದು. ಕೆಡಿಇ ಅನ್ನುವ ಮುಕ್ತ ತಂತ್ರಾಂಶ ಸಮುದಾಯದ ಕಥೆ ಇದಕ್ಕೆ ಒಳ್ಳೆಯ ಪಾಠ. 2013ರ ಮಾರ್ಚ್ 22ರಂದು ಭದ್ರತಾ ಅಪ್‌ಡೇಟ್ ಹಾಕಲಿಕ್ಕೆ ಅವರು ಗಿಟ್ ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು. ಎದ್ದು ಬಂದಾಗ ಫೈಲ್ ಸಿಸ್ಟಮ್ ಕೆಟ್ಟಿತ್ತು. ಸುಮಾರು 1500 ರೆಪಾಸಿಟರಿಗಳು ಇದ್ದ ಜಾಗ ಅದು. ಬೇರೆ ಬೇರೆ ಊರುಗಳಲ್ಲಿ ಮಿರರ್ ಸರ್ವರುಗಳಿದ್ದವು. ಅವು ಮೂಲ ಹೇಗಿದೆಯೋ ಹಾಗೇ ತಾವೂ ಇರಬೇಕು ಅಂತ ಕಟ್ಟಿದಂಥವು. ಮೂಲ ಕೆಟ್ಟಾಗ ಅವೂ ಅದನ್ನೇ ಅನುಸರಿಸಿದವು. ಬೇರೊಂದು ಸರ್ವರಿನಲ್ಲಿದ್ದ ನಕಲು ಮಾತ್ರ ನೆಟ್ಟಗೆ ಉಳಿದಿತ್ತು, ಅದರಿಂದ ಎಲ್ಲವನ್ನೂ ಮತ್ತೆ ಕಟ್ಟಿ ನಿಲ್ಲಿಸಿದರು. ಆಮೇಲೆ ಆ ಜನ ಆದದ್ದನ್ನು ಮುಚ್ಚಿಡದೆ ಬಿಡಿಸಿ ಬರೆದು ಲೋಕಕ್ಕೆ ತಿಳಿಸಿದರು. ಅವರ ಆ ದೊಡ್ಡತನದಿಂದ ನಮ್ಮಂಥವರೆಷ್ಟೋ ಜನ ಕಲಿತೆವು.

ಕಲಿತದ್ದು ಇದು: ಮಿರರ್ ಬೇರೆ, ಬ್ಯಾಕಪ್ ಬೇರೆ. ಮಿರರ್ ಮೂಲದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ವೇಗದಲ್ಲಿ ಸಾಗಿಸುತ್ತದೆ. ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು ಅಂತ ಹಿಂದಿನ ಸ್ಥಿತಿಗಳನ್ನು ಬೇರೆಬೇರೆಯಾಗಿ ಇಟ್ಟಿರುವುದು ಬ್ಯಾಕಪ್. ಮೂಲವನ್ನು ಪರೀಕ್ಷಿಸಿ, ಸರಿಯಿದೆ ಅಂತ ಉತ್ತರ ಬಂದ ಮೇಲೆ ಮಾತ್ರ ನಕಲು ಮಾಡುವಂತೆ ನಿನ್ನ ಸ್ಕ್ರಿಪ್ಟನ್ನು ಬರೆ. ಮೂಲದಲ್ಲಿ ರೆಪಾಸಿಟರಿಗಳ ಸಂಖ್ಯೆ ದಿಢೀರನೆ ಇಳಿದರೆ ನಕಲು ಮಾಡುವುದು ಅಲ್ಲಿಗೇ ನಿಲ್ಲಲಿ, ಒಬ್ಬರು ಬಂದು ನೋಡಿ ಹೇಳುವವರೆಗೆ ಕಾಯಲಿ.

ಇನ್ನೂ ಒಂದು ಸೂಕ್ಷ್ಮ ಇದೆ. ಒಂದೇ ಯಂತ್ರದಲ್ಲಿ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕ್ಲೋನ್ ಮಾಡಿದರೆ ಗಿಟ್ ಆಬ್ಜೆಕ್ಟುಗಳನ್ನು ಸಾಮಾನ್ಯವಾಗಿ ನಕಲು ಮಾಡುವುದಿಲ್ಲ, ಹಾರ್ಡ್ ಲಿಂಕ್ ಹಾಕುತ್ತದೆ. ಹೆಸರು ಎರಡು, ಡಿಸ್ಕಿನ ಮೇಲಿನ ಜಾಗ ಒಂದೇ. ಆ ಜಾಗ ಕೆಟ್ಟರೆ ಎರಡೂ ಕೆಟ್ಟವು. ಬ್ಯಾಕಪ್ಪಿಗೆ ಅಂತ ಮಾಡುವಾಗ ‘ನೋ ಹಾರ್ಡ್‌ಲಿಂಕ್ಸ್’ ಅಂತ ಸೇರಿಸು ಅಂತ ಗಿಟ್ ಕೈಪಿಡಿ ಹೇಳುತ್ತದೆ. ನೆಟ್‌ವರ್ಕಿನ ಮೂಲಕ ಬೇರೆ ಯಂತ್ರಕ್ಕೆ ಕ್ಲೋನ್ ಮಾಡಿದರೆ ಇನ್ನೂ ಒಳ್ಳೆಯದು. ಅಲ್ಲಿಗೆ ತಲುಪಿದ ಪ್ರತಿ ಆಬ್ಜೆಕ್ಟಿನ ಹ್ಯಾಶನ್ನು ಆ ಯಂತ್ರ ಹೊಸದಾಗಿ ಲೆಕ್ಕ ಹಾಕುತ್ತದೆ. ಎರವಲು ಪಡೆದ ರೆಪಾಸಿಟರಿಯ ಫೋಲ್ಡರನ್ನಷ್ಟೇ ನಕಲು ಮಾಡಿ ಪೂಲನ್ನು ಬಿಟ್ಟರೆ ಆ ನಕಲಿನಲ್ಲಿ ಅರ್ಧ ಇತಿಹಾಸವೇ ಇರುವುದಿಲ್ಲ ಅನ್ನುವುದನ್ನೂ ಮರೆಯಬೇಡ. ಸಬ್‌ವರ್ಷನ್‌ನಲ್ಲಾದರೆ ಬರೀ ಕಡತಗಳನ್ನು ಎತ್ತಿ ನಕಲು ಮಾಡದೆ ‘ಹಾಟ್‌ಕಾಪಿ’ ಆಜ್ಞೆಯನ್ನೇ ಬಳಸು. ರಿವಿಷನ್ ಕಡತಗಳೂ ರೆಪ್‌ಕ್ಯಾಶ್ ಡೇಟಾಬೇಸೂ ಬೇರೆ ಬೇರೆ ಗಳಿಗೆಯವಾದರೆ, ಇಲ್ಲದ ರಿವಿಷನ್ನಿನತ್ತ ಕೈ ತೋರಿಸುವ ಗುರುತುಗಳು ಉಳಿದು ಮುಂದಿನ ಕಮಿಟ್ಟುಗಳನ್ನು ಕೆಡಿಸುತ್ತವೆ.

ನಕಲು ಬೇರೆಯಾಗಿದ್ದು, ಅದನ್ನು ಮೂಲದೊಂದಿಗೆ ಹೋಲಿಸಿ ನೋಡುವ ಅಭ್ಯಾಸವೂ ಇದ್ದರೆ ಎಂಥ ಉಪಕಾರ ಆಗುತ್ತದೆ ಗೊತ್ತೇ? 2003ರ ನವೆಂಬರಿನಲ್ಲಿ ಲಿನಕ್ಸ್ ಕರ್ನೆಲ್ಲಿನ ಮೂಲ ಬಿಟ್‌ಕೀಪರ್ ಅನ್ನುವ ವರ್ಷನ್ ಕಂಟ್ರೋಲ್ ತಂತ್ರಾಂಶದಲ್ಲಿತ್ತು. ಅದನ್ನು ಬಳಸದವರಿಗಾಗಿ ಸಿವಿಎಸ್ ಅನ್ನುವ ಇನ್ನೊಂದರಲ್ಲಿ ಒಂದು ಪ್ರತಿ ಇಟ್ಟಿದ್ದರು. ಆ ಪ್ರತಿಯೊಳಗೆ ಯಾರೋ ಕಳ್ಳತನದಿಂದ ಎರಡು ಸಾಲು ಸೇರಿಸಿದರು. ಹೋಲಿಸಿ ನೋಡುವ ಕಡೆ ಎರಡು ಸಮಚಿಹ್ನೆಯ ಬದಲು ಒಂದನ್ನು ಇಟ್ಟಿದ್ದರು, ಅಷ್ಟೇ. ಆ ಕೋಡು ಜಾರಿಗೆ ಬಂದಿದ್ದರೆ, ಗುಟ್ಟು ಬಲ್ಲ ಸಾಮಾನ್ಯ ಬಳಕೆದಾರನೂ ಆ ಯಂತ್ರದ ರೂಟ್ ಅಧಿಕಾರ ಪಡೆಯಬಹುದಿತ್ತು. ಮೂಲಕ್ಕೂ ಪ್ರತಿಗೂ ತಾಳೆಯಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದು ಸಿಕ್ಕಿಬಿತ್ತು. ಕೆಟ್ಟ ಡಿಸ್ಕನ್ನು ಹಿಡಿಯುವ ಕ್ರಮವೇ ಕೆಟ್ಟ ಕೈಯನ್ನೂ ಹಿಡಿಯಿತು.

ಹಂಚಿಕೆಗೆ ಸಂಬಂಧಿಸಿದ ಇನ್ನೊಂದು ಘಟನೆಯನ್ನೂ ತಿಳಿದಿರು. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆ ಮತ್ತು ಗೂಗಲ್ ಸೇರಿ 2017ರ ಫೆಬ್ರವರಿ 23ರಂದು ಎರಡು ಪಿಡಿಎಫ್‌ಗಳನ್ನು ಹೊರತಂದವು. ಒಳವಿಷಯ ಬೇರೆ, ಶಾ-1 ಹ್ಯಾಶ್ ಒಂದೇ. ವೆಬ್‌ಕಿಟ್ ಪ್ರಾಜೆಕ್ಟಿನವರು ಆ ಎರಡನ್ನೂ ಒಂದು ಪರೀಕ್ಷೆಗಾಗಿ ತಮ್ಮ ಸಬ್‌ವರ್ಷನ್ ರೆಪಾಸಿಟರಿಗೆ ಹಾಕಿದರು. ಹ್ಯಾಶ್ ಒಂದೇ ಆದ್ದರಿಂದ ಎರಡೂ ಒಂದೇ ಅಂತ ರೆಪ್‌ಕ್ಯಾಶ್ ನಂಬಿ, ಎರಡನೆಯದನ್ನು ಇಡಲೇ ಇಲ್ಲ. ಓದುವಾಗ ಎಂಡಿ5 ಅನ್ನುವ ಇನ್ನೊಂದು ಚೆಕ್‌ಸಮ್ ತಾಳೆಯಾಗದೆ ರೆಪಾಸಿಟರಿ ಕೈಕೊಟ್ಟಿತು. ಅದೇ ವರ್ಷ ಬಂದ ಸಬ್‌ವರ್ಷನ್ 1.9.6 ಅಂಥ ಕಮಿಟ್ಟನ್ನು ಬಾಗಿಲಲ್ಲೇ ತಡೆಯಿತು. ಗಿಟ್ ಹ್ಯಾಶ್ ಲೆಕ್ಕ ಹಾಕುವಾಗ ಮುಂದೆ ತನ್ನದೊಂದು ತಲೆಬರಹ ಸೇರಿಸುವುದರಿಂದ ಆ ಎರಡು ಕಡತಗಳು ಅಲ್ಲಿ ತೊಂದರೆ ಕೊಡಲಿಲ್ಲ. ಆದರೂ 2.13ನೆಯ ಆವೃತ್ತಿಯಿಂದ ಇಂಥ ಕೃತಕ ಹೋಲಿಕೆಯನ್ನು ಗುರುತಿಸುವ ಶಾ-1 ಅನ್ನು ಅಳವಡಿಸಿಕೊಂಡಿತು. ಒಂದೇ ಅಂತ ನಂಬಿ ಹಂಚುವ ಮೊದಲು ನಿಜಕ್ಕೂ ಒಂದೇ ಹೌದೋ ಅಂತ ಇನ್ನೊಂದು ಬಗೆಯಿಂದ ನೋಡಬೇಕು. ಸರ್ವರಿನ ತಂತ್ರಾಂಶವನ್ನು ಹಳೆಯದಾಗಲು ಬಿಡಬಾರದು ಅನ್ನಲಿಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಈಗ ಉತ್ತರಗಳನ್ನು ಓದುವ ವಿಚಾರ. ಎಫ್‌ಎಸ್‌ಸಿಕೆ ಓಡಿಸಿದಾಗ ‘ಡ್ಯಾಂಗ್ಲಿಂಗ್’ ಅಂತ ಸಾಲು ಸಾಲು ಬಂದರೆ ಗಾಬರಿಯಾಗಬೇಡ. ಆ ರೆಪಾಸಿಟರಿಯೊಳಗೆ ಈಗ ಯಾರೂ ಬಳಸದ ಆಬ್ಜೆಕ್ಟು ಉಳಿದಿದೆ ಅಂತಷ್ಟೇ ಅದರ ಅರ್ಥ. ‘ಮಿಸ್ಸಿಂಗ್’, ‘ಕರಪ್ಟ್’, ‘ಬ್ರೋಕನ್ ಲಿಂಕ್’ ಅಂತ ಒಂದೇ ಒಂದು ಸಾಲು ಬಂದರೂ ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ನೋಡು. ದಿನವೂ ನೂರು ಸಾಲಿನ ಮೇಲ್ ಬಂದರೆ ಯಾರೂ ಓದುವುದಿಲ್ಲ. ತೊಂದರೆ ಇದ್ದಾಗ ಮಾತ್ರ ಕೂಗುವಂತೆ ಅಲರ್ಟ್ ಇಡು. ಜೊತೆಗೆ ಪರಿಶೀಲನೆ ಕೊನೆಯ ಸಲ ಮುಗಿದ ತಾರೀಖು ಒಂದು ಕಡೆ ಕಾಣುವಂತಿರಲಿ. ಏನೂ ಕೂಗಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲೂ ಆಗಬಹುದು, ಪರಿಶೀಲನೆಯೇ ನಿಂತುಹೋಗಿದೆ ಅಂತಲೂ ಆಗಬಹುದು. ಯಾವುದು ಅಂತ ಆ ತಾರೀಖು ಹೇಳುತ್ತದೆ.

ನಿಜಕ್ಕೂ ಕೆಟ್ಟದ್ದು ಸಿಕ್ಕರೆ ಅವಸರ ಪಡಬೇಡ. ಮೊದಲು ಪುಶ್ ನಿಲ್ಲಿಸು, ಜಿಸಿ ಓಡದಂತೆ ಮಾಡು, ಮಿರರುಗಳಿಗೆ ಹೋಗುವ ದಾರಿ ಮುಚ್ಚು. ಕೆಟ್ಟ ಸ್ಥಿತಿಯದ್ದೇ ಒಂದು ಪೂರ್ತಿ ನಕಲು ತೆಗೆದಿಟ್ಟು, ರಿಪೇರಿಯನ್ನು ಆ ನಕಲಿನ ಮೇಲೆ ಮಾಡು. ಕಾಣೆಯಾದ ಆಬ್ಜೆಕ್ಟಿನ ಹೆಸರು ಅದರ ಒಳವಿಷಯದಿಂದಲೇ ಹುಟ್ಟಿದ್ದಾದ್ದರಿಂದ, ಅದೇ ಹೆಸರಿನ ಆಬ್ಜೆಕ್ಟು ಯಾರ ಲ್ಯಾಪ್‌ಟಾಪಿನಲ್ಲಿ ಸಿಕ್ಕರೂ, ಹ್ಯಾಶ್ ತಾಳೆಯಾದರೆ ಅದೇ ವಸ್ತು. ತಂದು ಸೇರಿಸಬಹುದು. ಹೀಗೆ ಒಬ್ಬರ ಕ್ಲೋನ್ ಇನ್ನೊಬ್ಬರನ್ನು ಉಳಿಸುತ್ತದೆ. ಸಬ್‌ವರ್ಷನ್‌ನಲ್ಲಿ ರೆಪ್‌ಕ್ಯಾಶ್ ಮಾತ್ರ ಹಾಳಾಗಿದ್ದರೆ ಧೈರ್ಯವಾಗಿರು. ಅದು ಹೋದರೆ ಮುಂದೆ ಜಾಗ ಉಳಿಯುವುದು ಕಡಿಮೆಯಾಗುತ್ತದೆಯೇ ಹೊರತು ಹಳೆಯ ರಿವಿಷನ್ನುಗಳು ಹೋಗುವುದಿಲ್ಲ.

‘ಇದಕ್ಕೆಲ್ಲ ಸಮಯ ಎಲ್ಲಿದೆ’ ಅಂತ ಮೇಲಿನವರು ಕೇಳಿದರೆ ಸೌಮ್ಯವಾಗಿ, ಆದರೆ ಗಟ್ಟಿಯಾಗಿ ಹೇಳು: ಹಂಚಿಕೊಂಡು ಉಳಿಸಿದ ಡಿಸ್ಕಿನ ದುಡ್ಡಿನಲ್ಲಿ ಒಂದು ಪಾಲು ಪರಿಶೀಲನೆಗೆ ಸಲ್ಲಬೇಕು, ಅದನ್ನು ಕೊಡದಿದ್ದರೆ ಉಳಿತಾಯ ಅನ್ನುವುದು ಸುಳ್ಳು. ಈ ಮಾತನ್ನು ಹೇಳಲು ನೀನು ಸಂಕೋಚ ಪಡಬೇಕಿಲ್ಲ, ಅದು ನಿನ್ನ ಕೆಲಸವೇ.

ಈ ವಾರ ಇಷ್ಟು ಮಾಡು. ಸೋಮವಾರ ಯಾವ ರೆಪಾಸಿಟರಿ ಯಾರಿಂದ ಎರವಲು ಪಡೆದಿದೆ ಅಂತ ಪಟ್ಟಿ ಬರೆ. ಮಂಗಳವಾರ ಪೂಲಿನಲ್ಲಿ ಅಳಿಸುವ ಆಜ್ಞೆಗಳಿಗೆ ತಡೆ ಹಾಕು. ಬುಧವಾರ ರಾತ್ರಿ ಪೂಲಿನ ಪೂರ್ತಿ ಪರಿಶೀಲನೆಗೆ ಹಚ್ಚು. ಗುರುವಾರ ಬೆಳಗ್ಗೆ ಬಂದ ಉತ್ತರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದು. ಶುಕ್ರವಾರ ಬ್ಯಾಕಪ್ಪಿನಿಂದ ಒಂದು ರೆಪಾಸಿಟರಿಯನ್ನು ಬೇರೆ ಯಂತ್ರದಲ್ಲಿ ಎತ್ತಿ ನಿಲ್ಲಿಸಿ, ಅಲ್ಲಿಯೂ ಎಫ್‌ಎಸ್‌ಸಿಕೆ ಓಡಿಸು. ಏನು ಮಾಡಿದೆ, ಏನು ಕಂಡೆ ಅಂತ ತಾರೀಖು ಸಮೇತ ಬರೆದಿಡು. ನಾಳೆ ನಿನ್ನ ಜಾಗಕ್ಕೆ ಬರುವವರು ಅಲ್ಲಿಂದ ಮುಂದುವರಿಸಲಿ.